ಮೇಷ್ಟ್ರು ಬೈಯದೇ ಇದ್ದ ವಾರ

ವಿಮಲಮ್ಮ: ಎಮ್ಮೆ ಅಂದಿದ್ದು ಹಾಳಾಗ್ಲಿ ಕಣ್ರೀ. ಅದರ ಮುಂದಿನ ಮಾತಿಗೆ ಏನ್ ಹೇಳ್ತೀರಿ?

ಜಯದೇವಪ್ಪ: ಎಮ್ಮೆ ಅನ್ನೋದು ಬೈಗುಳ ಅಲ್ಲ ಕಣೇ. ಹಾಲು ಕೊಡೋ ಪ್ರಾಣಿ. ಪ್ರೀತಿಗೆ ಅಂದೆ.

ವಿಮಲಮ್ಮ: ಆಮೇಲೆ ಅಂದಿದ್ದೂ ಪ್ರೀತಿಗೇನಾ?

ಜಯದೇವಪ್ಪ: ಆಮೇಲೆ ಏನಂದೆ?

ವಿಮಲಮ್ಮ: ಅಜ್ಜಂಪುರಕ್ಕೆಲ್ಲ ಗೊತ್ತು, ಅಂದೋರಿಗೆ ಗೊತ್ತಿಲ್ಲ! "ಲೇ ಮಲ್ಲಿ, ಹೆಣ್ಣು ನೋಡೋಕೆ ಹೋದೋನ ಥರ ನಾಚ್ಕೊಂಡು ನಿಂತಿದೀಯಲ್ಲೋ ಎಮ್ಮೆ, ನಿನಗೆ ಯಾವ ತಲೆಕೆಟ್ಟೋನು ಹೆಣ್ಣು ಕೊಡ್ತಾನೋ" ಅಂದ್ರಿ.

ಜಯದೇವಪ್ಪ: ಅದು ಮಲ್ಲಿಕಾರ್ಜುನನಿಗೆ ಅಂದಿದ್ದು. ನಿನಗ್ಯಾಕೆ ಉರಿ?

ವಿಮಲಮ್ಮ: ಆ ತಲೆಕೆಟ್ಟೋರು ನಿಮ್ಮ ಪಕ್ಕದಲ್ಲೇ ಛತ್ರಿ ಹಿಡ್ಕೊಂಡು ನಿಂತಿದ್ರಲ್ಲ, ಅದಕ್ಕೆ ಉರಿ!

ಜಯದೇವಪ್ಪ ಮೇಷ್ಟ್ರು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. ಛತ್ರಿಯ ನೆನಪು ಬಂತು. ಹಿಂದಿನ ಸಂಜೆ ಮೈದಾನದ ಅಂಚಿನಲ್ಲಿ ಯಾರೋ ಒಬ್ಬರು ಛತ್ರಿ ಹಿಡಿದು ನಿಂತಿದ್ದರು. ಆಟ ನೋಡಲು ಬಂದ ದಾರಿಹೋಕರಿರಬೇಕು ಎಂದುಕೊಂಡು ಅವರತ್ತ ತಿರುಗಿಯೂ ನೋಡಿರಲಿಲ್ಲ. ಅವರು ವಿಮಲಮ್ಮನ ದೊಡ್ಡಪ್ಪನ ಮಗ, ಪಂಚನಹಳ್ಳಿಯ ಕರಿಸಿದ್ದಪ್ಪ. ತಮ್ಮ ಮಗಳು ಕಾಮಾಕ್ಷಿಗೆ ಈ ಮಲ್ಲಿಕಾರ್ಜುನ ಆದೀತೇ ಎಂದು ಕಣ್ಣಾರೆ ನೋಡಿಕೊಂಡು ಹೋಗಲು ಬಂದಿದ್ದರು. ಸಂಬಂಧ ಹುಡುಕಿ ಹೇಳಿಕಳಿಸಿದ್ದೇ ವಿಮಲಮ್ಮ.

ಅಜ್ಜಂಪುರದಲ್ಲಿ ಜಯದೇವಪ್ಪ ಎಂದರೆ ಗಂಟಲು. ಹಗಲು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು, ಸಂಜೆ ಊರಿನ ಕಬಡ್ಡಿ ತಂಡಕ್ಕೆ ಗುರು. ಅವರು ಮೈದಾನದಲ್ಲಿ ಬೈದರೆ ರೈಲ್ವೆ ಸ್ಟೇಷನ್ನಿನಲ್ಲಿ ನಿಂತವರು ತಮ್ಮನ್ನೇ ಕರೆದರೇನೋ ಎಂದು ತಿರುಗಿ ನೋಡುತ್ತಿದ್ದರು. ಮನೆಗೆ ಬಂದರೆ ಮಾತ್ರ ಆ ಗಂಟಲಿಗೆ ಕೆಲಸವಿರಲಿಲ್ಲ. ವಿಮಲಮ್ಮನ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ನುಸುಳುವಷ್ಟು ಸಂದಿಯೇ ಸಿಗುತ್ತಿರಲಿಲ್ಲ.

ಆ ವರ್ಷ, ಅಂದರೆ ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ, ಊರಿನ ತಂಡ ಮೊದಲ ಸಲ ಫೈನಲ್ಲಿಗೆ ಬಂದಿತ್ತು. ಕಡೂರಿನಲ್ಲಿ ಭಾನುವಾರ ಆಟ, ಎದುರಿಗೆ ತರೀಕೆರೆಯವರು. ಈ ಹೊತ್ತಿನಲ್ಲೇ ತಂಡದ ಒಳ್ಳೆಯ ರೈಡರ್ ಮಲ್ಲಿಕಾರ್ಜುನ, ರೈಸ್ ಮಿಲ್ಲಿನಲ್ಲಿ ಇಂಜಿನ್ ನೋಡಿಕೊಳ್ಳುವ ಹುಡುಗ, ಬೈಗುಳ ಕೇಳಿ ತಲೆತಗ್ಗಿಸಿ, ಅಂಗಿ ಹೆಗಲಿಗೆ ಹಾಕಿಕೊಂಡು, ಒಂದೂ ಮಾತಾಡದೆ ಮನೆಗೆ ಹೋಗಿಬಿಟ್ಟಿದ್ದ. ಇನ್ನು ಕಬಡ್ಡಿ ಆಡುವುದಿಲ್ಲ ಎಂದು ಬೆಳಿಗ್ಗೆ ಹೇಳಿಕಳಿಸಿದ್ದ.

ವಿಮಲಮ್ಮ: ನಮ್ಮಣ್ಣ ಒಂದು ಲೋಟ ಕಾಫಿಗೂ ಬರದೆ ಬಸ್ ಸ್ಟ್ಯಾಂಡ್ ಕಡೆ ಓಡಿ ಹೋದ್ನಂತೆ. ಅವನ ಮನಸ್ಸು ಎಷ್ಟು ನೊಂದಿರಬೇಡ! ಸಂಬಂಧ ಮುರೀತು. ಫೈನಲ್ಲೂ ಮುರೀತು. ಒಂದೇ ಬಾಯಲ್ಲಿ ಎರಡು ಮುರಿದ್ರಲ್ರೀ!

ಜಯದೇವಪ್ಪ: ಈಗ ಏನ್ ಮಾಡು ಅಂತೀಯ?

ವಿಮಲಮ್ಮ: ಮೆತ್ತಗೆ ಮಾತಾಡೋದು ಕಲೀರಿ. ಭದ್ರಾವತಿ ರೇಡಿಯೋದಲ್ಲಿ ಒಬ್ಬರು ಡಾಕ್ಟ್ರಮ್ಮ ಹೇಳಿದ್ರು. ತಪ್ಪು ಹೇಳೋಕೆ ಮುಂಚೆ ಒಂದು ಒಳ್ಳೆ ಮಾತು ಹೇಳ್ಬೇಕಂತೆ. ಆಮೇಲೆ, ನಿನ್ನ ಮನಸ್ಸಲ್ಲಿ ಏನಿದೆಯಪ್ಪಾ ಅಂತ ಕೇಳ್ಬೇಕಂತೆ.

ಜಯದೇವಪ್ಪ: ಯಾರಿಗೆ?

ವಿಮಲಮ್ಮ: ಮೂರು ವರ್ಷದೊಳಗಿನ ಮಕ್ಕಳಿಗೆ.

ಜಯದೇವಪ್ಪ: ನಮ್ಮ ದೇವೀರಪ್ಪನ್ನ ನೋಡಿದೀಯೇನೇ? ಅವನು ಕೂತ್ರೆ ಬೆಂಚು ಎದ್ದು ನಿಲ್ಲುತ್ತೆ!

ವಿಮಲಮ್ಮ: ಮನಸ್ಸು ಎಲ್ಲರಿಗೂ ಅಷ್ಟೇ ಇರೋದು. ನಾನೇ ಮಲ್ಲಿಕಾರ್ಜುನ ಅಂತ ಅಂದ್ಕೊಳ್ಳಿ. ಹೇಳಿ ನೋಡೋಣ.

ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ರೈಡಿಗೆ ಹೊರಟವನಂತೆ ಬಾಗಿ ನಿಂತಳು. ಮೇಷ್ಟ್ರಿಗೆ ನಗು ಬಂತು. ನಕ್ಕರೆ ಏನಾದೀತೆಂದು ಗೊತ್ತಿದ್ದರಿಂದ ಕೆಮ್ಮಿದರು.

ಜಯದೇವಪ್ಪ: ಏನೋ ಮಲ್ಲಿ...

ವಿಮಲಮ್ಮ: 'ಏನೋ' ಬೇಡ.

ಜಯದೇವಪ್ಪ: ಏನಪ್ಪಾ ಮಲ್ಲಿಕಾರ್ಜುನ...

ವಿಮಲಮ್ಮ: ಹುಂ. ಈಗ ಒಂದು ಒಳ್ಳೆ ಮಾತು.

ಜಯದೇವಪ್ಪ: ನೀನು... ನೀನು ಬಿದ್ರೆ ಬಹಳ ನೀಟಾಗಿ ಬೀಳ್ತೀಯ.

ವಿಮಲಮ್ಮ: ಇದು ಒಳ್ಳೆ ಮಾತಾ?

ಜಯದೇವಪ್ಪ: ನಿಜ ಕಣೇ. ಬೇರೆಯೋರು ಬಿದ್ರೆ ಮಂಡಿ ಒಡ್ಕೋತಾರೆ.

ವಿಮಲಮ್ಮ: ಬೇರೆ ಹೇಳಿ!

ಜಯದೇವಪ್ಪ: ಒಳ್ಳೆ ಮಾತು ಹುಡುಕೋ ಹೊತ್ತಿಗೆ ಎದುರಿನೋರು ಅವನ ಕಾಲು ಹಿಡ್ಕೊಂಡು ಮಲಗಿಸಿರ್ತಾರೆ ಕಣೇ!

ವಿಮಲಮ್ಮ: ನಗ್ರೀ ಮೊದಲು! ನಕ್ಕೊಂಡು ಹೇಳ್ರೀ! ಎಷ್ಟು ಸಲ ಹೇಳ್ಬೇಕು ನಿಮಗೆ? ತಲೇಲಿ ಏನಿದೆ, ಕಡ್ಲೆಕಾಯಿ ಹಿಂಡಿನಾ? ಮೆತ್ತಗೆ ಮಾತಾಡೋದು ಅಷ್ಟೂ ಬರಲ್ವಾ ಒಬ್ಬ ಮನುಷ್ಯನಿಗೆ?

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಒಂದು ತಲೆ ಕಂಡಿತು. ಕಿಟಕಿ ಮುಚ್ಚಿಕೊಂಡಿತು.

ಸಂಜೆ ಮೇಷ್ಟ್ರು ಮೈದಾನಕ್ಕೆ ಹೋದಾಗ ಹುಡುಗರು ಸಾಲಾಗಿ ನಿಂತು ಬೈಸಿಕೊಳ್ಳಲು ತಯಾರಾಗಿದ್ದರು. ಮುಂದೆ ಕ್ಯಾಪ್ಟನ್ ಬೀರಪ್ಪ. ಪೇಟೆಯಲ್ಲಿ ಟೈಲರ್, ಕಡ್ಡಿಯಂಥ ಆಸಾಮಿ. ಅವನ ಹಿಂದೆ ಇಡ್ಲಿ ಹೋಟೆಲಿನ ದೇವೀರಪ್ಪ. ಎದುರಾಳಿಯ ಕಾಲು ಅವನ ಕೈಗೆ ಸಿಕ್ಕರೆ ಬಿಡಿಸಿಕೊಂಡು ಹೋದವರಿಲ್ಲ. ಮೇಷ್ಟ್ರು ನಡೆಯುತ್ತಲೇ ನಗು ತಂದುಕೊಂಡರು. ರೂಢಿಯಿಲ್ಲದ ಕಾರಣ ಆ ನಗು ಹಲ್ಲುನೋವಿನವರ ಮುಖದಂತೆ ಕಂಡಿತು.

ಜಯದೇವಪ್ಪ: ನಮಸ್ಕಾರ ಬೀರಪ್ಪನವರೇ.

ಬೀರಪ್ಪ ಹಿಂದೆ ತಿರುಗಿ ನೋಡಿದ. ಇನ್ನೊಬ್ಬ ಬೀರಪ್ಪ ಇರಲಿಲ್ಲ.

ಬೀರಪ್ಪ: ನನ್ನ ಕರೆದ್ರಾ ಸಾರ್?

ಜಯದೇವಪ್ಪ: ಹೌದಪ್ಪ. ತಂಡಕ್ಕೆಲ್ಲ ಚಡ್ಡಿ ಬಹಳ ಚೆನ್ನಾಗಿ ಹೊಲ್ದಿದೀಯ.

ಬೀರಪ್ಪ: ತಪ್ಪಾಯ್ತು ಸಾರ್! ದೇವೀರಪ್ಪಂದು ಬಿಗಿ ಆಗಿದೆ ಅಂತ ಗೊತ್ತು ಸಾರ್, ಭಾನುವಾರದೊಳಗೆ ಬಿಚ್ಚಿ ಹೊಲೀತೀನಿ ಸಾರ್!

ಜಯದೇವಪ್ಪ: ಅಯ್ಯೋ, ಹೊಗಳಿದೆ ಕಣಪ್ಪಾ.

ಬೀರಪ್ಪ: ಹೊಗಳ್ಬೇಡಿ ಸಾರ್, ಏನಿದ್ರೂ ನೇರವಾಗಿ ಬೈದ್ಬಿಡಿ!

ಇವನಿಂದ ಆಗುವುದಿಲ್ಲವೆಂದು ಮೇಷ್ಟ್ರು ದೇವೀರಪ್ಪನತ್ತ ತಿರುಗಿದರು.

ಜಯದೇವಪ್ಪ: ದೇವೀರಪ್ಪ, ನೀನು ಎಂಥಾ ಹಿಡಿತಗಾರ! ಆದ್ರೆ ಸೆಮಿಫೈನಲ್‌ನಲ್ಲಿ ಯಾಕೋ ಕೈ ಸಡಿಲ ಆಗಿತ್ತು. ಮನಸ್ಸಲ್ಲಿ ಏನಾದ್ರೂ ಬೇಜಾರಿದೆಯೇನಪ್ಪಾ?

 ದೇವೀರಪ್ಪನ ಅಗಲವಾದ ಗಲ್ಲ ಒಮ್ಮೆ ನಡುಗಿತು. ಮೀಸೆ ನಡುಗಿತು. ಆಮೇಲೆ ಇಡೀ ದೇವೀರಪ್ಪ ನಡುಗತೊಡಗಿದ.

ದೇವೀರಪ್ಪ: ಇಷ್ಟು ವರ್ಷದಲ್ಲಿ ಈ ಮಾತು ನನ್ನ ಯಾರೂ ಕೇಳಿರ್ಲಿಲ್ಲ ಸಾರ್!

ಜಯದೇವಪ್ಪ: ಏನಾಯ್ತೋ?

ದೇವೀರಪ್ಪ: ನಮ್ಮತ್ತೆ ಸಾರ್! ಊರೆಲ್ಲ ನನ್ನ ಇಡ್ಲಿ ತಿಂತಾರೆ. ರೈಲು ನಿಂತ್ರೆ ಗಾರ್ಡು ಇಳಿದು ಬಂದು ತಿಂತಾರೆ. ನಮ್ಮತ್ತೆ ನಮ್ಮನೇಲೇ ಇದ್ಕೊಂಡು, ದಿನಾ ಬೆಳಿಗ್ಗೆ ನಮ್ಮ ಹೋಟ್ಲು ಮುಂದೇನೇ ನಡ್ಕೊಂಡು ಹೋಗಿ, ಆ ಮೂಲೆ ಹೋಟ್ಲಲ್ಲಿ ಇಡ್ಲಿ ತಿಂದು ಬತ್ತಾರೆ ಸಾರ್! ಬಂದು ನನ್ನ ಮುಂದೇನೇ ತೇಗ್ತಾರೆ!

ಅಷ್ಟು ಹೇಳಿ ಅವನು ಕಬಡ್ಡಿ ಅಂಕಣದ ನಟ್ಟನಡುವೆ ಕೂತು ಅತ್ತ. ಮೇಷ್ಟ್ರು ಅವನ ಪಕ್ಕದಲ್ಲೇ ಕೂತರು. ಅದನ್ನು ನೋಡಿ ಉಳಿದವರೂ ಬಂದು ಸುತ್ತ ಕೂತರು. ಒಬ್ಬನಿಗೆ ಅಣ್ಣ ಸೈಕಲ್ ಕೊಡುತ್ತಿರಲಿಲ್ಲ. ಇನ್ನೊಬ್ಬನಿಗೆ ರಾತ್ರಿ ಹಲ್ಲಿಯ ಭಯ. ಸುಣ್ಣದಲ್ಲಿ ಎಳೆದಿದ್ದ ಗೆರೆಗಳೆಲ್ಲ ಅವರ ಚಡ್ಡಿಗೆ ಅಂಟಿ ಮಾಯವಾದವು. ಹೊತ್ತು ಮುಳುಗುವವರೆಗೂ ಯಾರೂ 'ಕಬಡ್ಡಿ' ಅನ್ನಲಿಲ್ಲ.

ಮನೆಯ ದಾರಿ ಹಿಡಿದ ಮೇಷ್ಟ್ರಿಗೆ ಒಂದು ಕಡೆ ಅಭ್ಯಾಸ ಕೆಟ್ಟಿತಲ್ಲ ಎಂಬ ಸಂಕಟ. ಇನ್ನೊಂದು ಕಡೆ ಏನೋ ನಾಚಿಕೆ. ದೇವೀರಪ್ಪನ ಎಡಗಾಲಿನ ಹರಡು ಎಷ್ಟು ಸಲ ಉಳುಕಿದೆಯೆಂದು ಅವರಿಗೆ ಬಾಯಿಪಾಠವಾಗಿತ್ತು. ಅವನಿಗೊಬ್ಬಳು ಅತ್ತೆ ಇದ್ದಾಳೆಂದೇ ಗೊತ್ತಿರಲಿಲ್ಲ. ಹಿಂದಿನಿಂದ ಹುಡುಗರು ಪಿಸುಗುಟ್ಟುವುದು ಕೇಳಿಸಿತು. "ಪಾಪ", "ಎಂಥಾ ಮನುಷ್ಯ", "ಯಾರಿಗೂ ಹೇಳ್ಕೊಂಡಿಲ್ಲ ನೋಡು" ಎಂಬ ಮಾತುಗಳು. ದೇವೀರಪ್ಪನ ಬಗ್ಗೆ ಇರಬೇಕೆಂದುಕೊಂಡರು.

ಬೆಳಿಗ್ಗೆ ಅವರು ಹಲ್ಲುಜ್ಜುತ್ತಿದ್ದಾಗಲೇ ಬೀರಪ್ಪ ಎಳನೀರಿನ ಗೊನೆ ಹೊತ್ತುಕೊಂಡು, ದೇವೀರಪ್ಪ ಇಡ್ಲಿ ಪಾತ್ರೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಮೇಷ್ಟ್ರು ಹಿತ್ತಲಿನಲ್ಲಿ ಬಾಯಿತುಂಬ ಹಲ್ಲುಪುಡಿ ಇಟ್ಟುಕೊಂಡು ಕಿವಿಗೊಟ್ಟರು.

ಬೀರಪ್ಪ: ಅಮ್ಮಾರೇ, ನೀವು ಧೈರ್ಯ ತಗೋಬೇಕು.

ವಿಮಲಮ್ಮ: ಧೈರ್ಯಕ್ಕೇನಪ್ಪಾ, ಇಷ್ಟು ವರ್ಷ ಅನುಭವಿಸಿಲ್ವಾ? ಈಗಲಾದ್ರೂ ಒಂದು ಕೊನೆ ಕಂಡ್ತಲ್ಲ, ಅದೇ ಸಮಾಧಾನ.

ಬೀರಪ್ಪ: ಹಂಗನ್ಬೋದಾ ಅಮ್ಮಾರೇ!

ವಿಮಲಮ್ಮ: ನಿಮ್ಮ ಹತ್ರ ಮುಚ್ಚಿಟ್ಟೇನು? ನಾನೇ ಮಾಡಿದ್ದು ಕಣಪ್ಪಾ.

ದೇವೀರಪ್ಪ: ನೀವೇ?

ವಿಮಲಮ್ಮ: ಹೂಂ. ರೇಡಿಯೋದಲ್ಲಿ ಹೇಳಿದ್ರು. ಹಂಗೇ ಸ್ವಲ್ಪ ಸ್ವಲ್ಪ ಕೊಟ್ಟೆ. ಇಷ್ಟು ಬೇಗ ಹಿಡಿಯುತ್ತೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ. ಬನ್ನಿ, ಕಾಫಿ ಕುಡೀರಿ.

ದೇವೀರಪ್ಪ: ನನಗೆ ಕಾಫಿ ಬೇಡ!

ಬೀರಪ್ಪ: ನನಗೂ ಬೇಡ! ಅಮ್ಮಾರೇ, ಕೈಮುಗಿದು ಕೇಳ್ತೀನಿ, ಏನ್ ಕೊಟ್ರಿ ಹೇಳ್ಬಿಡಿ. ಡಾಕ್ಟ್ರಿಗಾದ್ರೂ ಹೇಳೋಣ!

ವಿಮಲಮ್ಮ: ಬುದ್ಧಿ ಕೊಟ್ಟೆ ಕಣೋ! ಮೆತ್ತಗೆ ಮಾತಾಡ್ರೀ ಅಂತ ಬುದ್ಧಿ ಹೇಳಿಕೊಟ್ಟೆ. ಯಾವ ಡಾಕ್ಟ್ರು? ಯಾರಿಗೆ ಏನಾಗಿದೆ?

ಬೀರಪ್ಪ: ಸಾರ್‌ಗೆ! ಮೊನ್ನೆ ಶಿವಮೊಗ್ಗಕ್ಕೆ ಹೋಗಿದ್ರಲ್ಲ, ಅಲ್ಲಿ ದೊಡ್ಡ ಡಾಕ್ಟ್ರು ಕೈ ಬಿಟ್ರಂತೆ. ಇಲ್ದೆ ಇದ್ರೆ ಸಾರ್ ನನಗೆ ನಮಸ್ಕಾರ ಹೇಳ್ತಿದ್ರಾ? ಯಾರ ಮೇಲೂ ಸಿಟ್ಟು ಉಳಿಸ್ಕೋಬಾರ್ದು ಅಂತ ಎಲ್ಲರ ಕಷ್ಟ ಕೇಳ್ಕೊಂಡು ಹೋಗ್ತಿದಾರೆ ಅಮ್ಮಾರೇ!

ಮೇಷ್ಟ್ರು ಶಿವಮೊಗ್ಗಕ್ಕೆ ಹೋಗಿದ್ದು ನೆಂಟರ ಮದುವೆಗೆ. ಅದನ್ನು ಹೇಳೋಣವೆಂದು ಅವರು ಬಾಯಿ ಮುಕ್ಕಳಿಸಿ ಒಳಗೆ ಓಡಿಬರುವುದಕ್ಕೂ, ಬೀದಿ ಬಾಗಿಲಿನಿಂದ ಮಲ್ಲಿಕಾರ್ಜುನ ಓಡಿಬಂದು ಅವರ ಕಾಲಿಗೆ ಬೀಳುವುದಕ್ಕೂ ಸರಿಹೋಯಿತು.

ಮಲ್ಲಿಕಾರ್ಜುನ: ತಪ್ಪಾಯ್ತು ಸಾರ್! ನೀವು ಇಂಥಾ ನೋವು ನುಂಗ್ಕೊಂಡು ಮೈದಾನಕ್ಕೆ ಬತ್ತಿದ್ರಿ, ನಾನು ಒಂದು ಎಮ್ಮೆಗೋಸ್ಕರ ಮುನಿಸ್ಕೊಂಡೆ! ಭಾನುವಾರ ಆಡ್ತೀನಿ ಸಾರ್. ನಿಮ್ಮ ಕಣ್ಮುಂದೆ ಶೀಲ್ಡು ತರ್ತೀನಿ.

ಜಯದೇವಪ್ಪ: ಲೇ, ನನಗೇನೂ...

ವಿಮಲಮ್ಮ: ಮಾತಾಡ್ಬೇಡ್ರೀ!

ಜಯದೇವಪ್ಪ: ಅಲ್ಲ ಕಣೇ...

ವಿಮಲಮ್ಮ: ಒಂದು ಮಾತೂ ಆಡ್ಬೇಡಿ ಅಂದೆ. ಹೋಗಿ ಮಲಗಿ.

ಹುಡುಗರು ಕಣ್ಣೊರೆಸಿಕೊಂಡು ಹೋದರು. ದೇವೀರಪ್ಪ ಮಾತ್ರ ಬಾಗಿಲಿನಿಂದ ತಿರುಗಿ ಬಂದು, "ಇಡ್ಲಿ ಬಹಳ ಮೆತ್ತಗಿವೆ ಸಾರ್, ಅಗಿಯೋ ಶ್ರಮ ಇರಲ್ಲ" ಎಂದು ಹೇಳಿ ಮತ್ತೆ ಅತ್ತುಕೊಂಡು ಹೋದ.

ಜಯದೇವಪ್ಪ: ಇದು ಮೋಸ ಕಣೇ.

ವಿಮಲಮ್ಮ: ನಾನೇನು ಮೋಸ ಮಾಡ್ದೆ? ಕಾಯಿಲೆ ಅಂದ್ನಾ? ಮಾತಾಡ್ಬೇಡಿ ಅಂದೆ. ಅದು ನಾನು ದಿನಾ ಅನ್ನೋದೇ.

ಜಯದೇವಪ್ಪ: ಮಲಗಿ ಅಂದೆಯಲ್ಲ?

ವಿಮಲಮ್ಮ: ಎಚ್ಚರ ಇದ್ರೆ ಮಾತಾಡ್ತೀರಿ, ಅದಕ್ಕೆ. ಹುಡುಗ ಆಡ್ತೀನಿ ಅಂದ್ನಲ್ಲ, ಭಾನುವಾರದವರೆಗೆ ಸುಮ್ನೆ ಮೆತ್ತಗಿರಿ.

ಮೇಷ್ಟ್ರು ಮೆತ್ತಗಿದ್ದರು. ಆ ವಾರವೆಲ್ಲ ಅಜ್ಜಂಪುರದ ಸಂಜೆಗಳು ಎಷ್ಟು ನಿಶ್ಶಬ್ದವಾಗಿದ್ದವೆಂದರೆ, ಮೈದಾನದ ಹುಣಿಸೆಮರದತ್ತ ಎಂದೂ ಸುಳಿಯದೆ ಇದ್ದ ಕೊಕ್ಕರೆಗಳೆಲ್ಲ ಬಂದು ಕೂತವು. ಯಾರಾದರೂ ತಪ್ಪು ಮಾಡಿದರೆ ಮೇಷ್ಟ್ರ ಹೊಟ್ಟೆಯಿಂದ ಒಂದು ಬೈಗುಳ ಎದ್ದು, ಗಂಟಲವರೆಗೆ ಬಂದು, ದಾರಿ ಕಾಣದೆ ಹಿಂದಿರುಗುತ್ತಿತ್ತು. ಅವರಿಗೆ ನಿಜವಾಗಿಯೂ ಅಜೀರ್ಣವಾಯಿತು.

ಭಾನುವಾರ ವಿಮಲಮ್ಮನೂ ಸೇರಿ ಎಲ್ಲರೂ ಪ್ಯಾಸೆಂಜರ್ ರೈಲಿನಲ್ಲಿ ಹೊರಟಾಗ ಹುಡುಗರು ಮೇಷ್ಟ್ರನ್ನು ಕಿಟಕಿಯ ಪಕ್ಕ ಕೂರಿಸಿ, ಆ ಬಿಸಿಲಿನಲ್ಲೂ ಕಂಬಳಿ ಹೊದಿಸಿದರು. ಬೀರೂರಿನಲ್ಲಿ ಅವರು ಕಂಬಳಿ ತೆಗೆದರು. ಕಡೂರು ಬರುವಷ್ಟರಲ್ಲಿ ಬೀರಪ್ಪ ಮತ್ತೆ ಹೊದಿಸಿದ.

ಕಡೂರಿನ ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಮುಂದಿನ ಸಾಲಿನಲ್ಲಿ ಛತ್ರಿ ಕಂಡಿತು. ಛತ್ರಿಯ ಕೆಳಗೆ ಕರಿಸಿದ್ದಪ್ಪ, ಪಕ್ಕದಲ್ಲಿ ಮಗಳು ಕಾಮಾಕ್ಷಿ. ಆ ಹುಡುಗಿ ಕಡಲೆಕಾಯಿ ಮಾರುವವನ ಜೊತೆ ಅಳತೆ ಸರಿಯಿಲ್ಲವೆಂದು ವಾದ ಮಾಡುತ್ತಿದ್ದಳು. ಮೇಷ್ಟ್ರು ಅಳುಕುತ್ತಲೇ ಹತ್ತಿರ ಹೋದರು.

ಜಯದೇವಪ್ಪ: ಭಾವ, ಅವತ್ತು ನಾನು ಅಂದ ಮಾತು...

ಕರಿಸಿದ್ದಪ್ಪ: ಯಾವುದು, ತಲೆಕೆಟ್ಟೋನು ಅಂದಿದ್ದಾ? ಅದನ್ನ ಬಿಡಿ ಭಾವ. ನಾನು ಅವತ್ತೇ ಒಪ್ಪಿಬಿಟ್ಟೆ.

ಜಯದೇವಪ್ಪ: ತಲೆಕೆಟ್ಟೋನು ಅಂತ ಒಪ್ಪಿದ್ರಾ?

ಕರಿಸಿದ್ದಪ್ಪ: ಹುಡುಗನ್ನ ಒಪ್ಪಿದೆ! ಕೊನೇ ಬಸ್ಸು ತಪ್ಪುತ್ತೆ ಅಂತ ಓಡಿದೆ, ಹೇಳೋಕಾಗಲಿಲ್ಲ. ನಮ್ಮ ಕಾಮಾಕ್ಷಿ ಬಾಯಿ ನಿಮಗೆ ಗೊತ್ತಲ್ಲ, ಥೇಟ್ ನಮ್ಮ ವಿಮಲಂದೇ. ಆ ಹುಡುಗ ಅಷ್ಟು ಬೈಸ್ಕೊಂಡ್ರೂ ಒಂದು ಮಾತು ತಿರುಗಿ ಆಡಲಿಲ್ಲ ನೋಡಿ, ಇಂಥ ಬಾಯಿ ಸತ್ತೋನೇ ನಮ್ಮ ಮನೆಗೆ ಸರಿ ಅಂದ್ಕೊಂಡೆ.

ಮೇಷ್ಟ್ರ ಎದೆಯಿಂದ ಒಂದು ಭಾರ ಇಳಿಯಿತು. ಅದು ಇಳಿದ ಜಾಗಕ್ಕೆ ಆಟ ಶುರುವಾದ ಮೇಲೆ ಬೇರೆ ಭಾರ ಬಂದು ಕೂತಿತು.

ಮಲ್ಲಿಕಾರ್ಜುನ ಮೊದಲ ರೈಡಿಗೆ ಹೋದ. "ಕಬಡ್ಡಿ ಕಬಡ್ಡಿ" ಎನ್ನುತ್ತ ನುಗ್ಗಿದವನು, ಮೇಷ್ಟ್ರು ನೆಟ್ಟಗೆ ಕೂತಿದ್ದಾರೆಯೇ ಎಂದು ಅರ್ಧದಲ್ಲಿ ತಿರುಗಿ ನೋಡಿದ. ತರೀಕೆರೆಯವರು ಅವನನ್ನು ಎತ್ತಿ ಮಲಗಿಸಿದರು. ದೇವೀರಪ್ಪ ಎದುರಾಳಿಯ ಕಾಲನ್ನು ಉಡದಂತೆ ಹಿಡಿದಿದ್ದ. ಅಷ್ಟರಲ್ಲಿ ಧೂಳಿಗೆ ಮೇಷ್ಟ್ರು ಕೆಮ್ಮಿದರು. ದೇವೀರಪ್ಪ ಕಾಲು ಬಿಟ್ಟು, ಗೆರೆ ದಾಟಿ, ನೀರಿನ ಚೆಂಬು ತೆಗೆದುಕೊಂಡು ಓಡಿಬಂದ. ರೆಫರಿ ಅವನನ್ನು ಔಟ್ ಮಾಡಿದರೂ ಅವನು ನೀರು ಕುಡಿಸಿಯೇ ಹೋದ. ಇಂಟರ್‌ವಲ್ ಸೀಟಿ ಊದಿದಾಗ ತರೀಕೆರೆಯವರು ಎಷ್ಟೋ ಮುಂದಿದ್ದರು.

ಹುಡುಗರು ಬಂದು ಸುತ್ತ ಕೂತು, ಮೇಷ್ಟ್ರಿಗೇ ಗಾಳಿ ಬೀಸತೊಡಗಿದರು. ಅವರ ಮುಖಗಳಲ್ಲಿ ಸೋಲಿನ ಚಿಂತೆಯೇ ಇರಲಿಲ್ಲ. ಬರೀ ಮೇಷ್ಟ್ರ ಮೇಲಿನ ಕರುಣೆ. ಮೇಷ್ಟ್ರಿಗೆ ತಡೆಯಲಾಗಲಿಲ್ಲ.

ಜಯದೇವಪ್ಪ: ನನಗೆ ಕಾಯಿಲೆ ಗೀಯಿಲೆ ಏನೂ ಇಲ್ಲ ಕಣ್ರೋ.

ಬೀರಪ್ಪ: ನಮ್ಮ ಧೈರ್ಯಕ್ಕೆ ಹಂಗನ್ಬೇಡಿ ಸಾರ್.

ಜಯದೇವಪ್ಪ: ಧೈರ್ಯಕ್ಕಲ್ಲವೋ! ನೋಡು!

ಅವರು ಕಂಬಳಿ ಎಸೆದು ಬಸ್ಕಿ ಹೊಡೆಯತೊಡಗಿದರು. ಹುಡುಗರು ಗಾಬರಿಯಿಂದ ಕೈಕಾಲು ಹಿಡಿದುಕೊಂಡರು. ಅಷ್ಟೂ ಜನರನ್ನು ಹೊತ್ತುಕೊಂಡೇ ಮೇಷ್ಟ್ರು ಇನ್ನೊಂದು ಬಸ್ಕಿ ಹೊಡೆದರು. ಆಗ ಒಬ್ಬೊಬ್ಬರಾಗಿ ಕೈ ಬಿಟ್ಟರು.

ದೇವೀರಪ್ಪ: ಹಂಗಾದ್ರೆ ಸಾಯಲ್ವಾ ನೀವು?

ಜಯದೇವಪ್ಪ: ಸದ್ಯಕ್ಕಿಲ್ಲ.

ದೇವೀರಪ್ಪ: ನಾನು ಎಲ್ಲರ ಮುಂದೆ ಅತ್ತೆ ವಿಷಯ ಹೇಳ್ಕೊಂಡು ಅತ್ತೆನಲ್ಲ!

ಜಯದೇವಪ್ಪ: ಅದನ್ನ ನಾನು ಮನಸಾರೆ ಕೇಳಿದೆ ಕಣೋ.

ಬೀರಪ್ಪ: ನಾನು ಅಂತರಘಟ್ಟೆ ಅಮ್ಮನಿಗೆ ನಿಮ್ಮ ಹೆಸರಲ್ಲಿ ಹರಕೆ ಹೊತ್ತು ಬೀಡಿ ಬಿಟ್ಟಿದೀನಿ ಸಾರ್!

ಜಯದೇವಪ್ಪ: ಬೀಡಿ ಬಿಟ್ಟಿದ್ದು ಒಳ್ಳೇದೇ ಅಲ್ವೇನಪ್ಪಾ.

ಬೀರಪ್ಪ: ಒಳ್ಳೇದಾ? ಕೈ ನಡುಗಿ ನಡುಗಿ ಅಮಲ್ದಾರ್ ಸಾಹೇಬರ ಪ್ಯಾಂಟಿಗೆ ಮೂರು ಕಾಲು ಹೊಲ್ದಿದೀನಿ!

ಮೇಷ್ಟ್ರು ನೆಲದ ಮೇಲೆ ಕೂತರು. ಏನು ಹೇಳಬೇಕೆಂದು ರೇಡಿಯೋದವರೂ ಹೇಳಿರಲಿಲ್ಲ, ವಿಮಲಮ್ಮನೂ ಹೇಳಿಕೊಟ್ಟಿರಲಿಲ್ಲ.

ಜಯದೇವಪ್ಪ: ನನಗೆ ಹೆದರಿಕೆ ಆದ್ರೆ ಬೈಗುಳ ಬರುತ್ತೆ ಕಣ್ರೋ. ನೀವೆಲ್ಲಿ ಸೋತು ಮುಖ ಸಣ್ಣ ಮಾಡ್ಕೊಂಡು ಬತ್ತೀರೋ ಅಂತ ಹೆದರಿಕೆ. ಮಲ್ಲಿ, ಅಷ್ಟು ಜನರ ಮುಂದೆ ನಿನ್ನ ಹಂಗೆ ಅಂದಿದ್ದು ತಪ್ಪು. ಕಾಯಿಲೆ ಇಲ್ಲ ಅಂತ ಹೇಳದೆ ಸುಮ್ನಿದ್ದಿದ್ದು ಇನ್ನೂ ದೊಡ್ಡ ತಪ್ಪು. ಇಷ್ಟು ದಿನ ನಾನು ಬೈದೆ. ಇವತ್ತು ನೀವು ಬೈಯ್ರಿ. ಬೇಗ ಬೈಯ್ರಿ, ಇಂಟರ್‌ವಲ್ ಮುಗಿಯುತ್ತೆ.

ಬೀರಪ್ಪ: ನಾವಾ? ಸಾರ್, ನೀವು... ನೀವು ಸ್ವಲ್ಪ ಸರಿಯಿಲ್ಲ ಸಾರ್.

ಜಯದೇವಪ್ಪ: ಇದು ಬೈಗುಳನೇನೋ? ಗಿರಾಕಿಗೆ ಗುಂಡಿ ಕಿತ್ತೋಗಿದೆ ಅಂತ ಹೇಳೋ ಹಂಗಿದೆ! ಹೊಟ್ಟೆಯಿಂದ ಬರ್ಲಿ!

ದೇವೀರಪ್ಪ: ಲೇ ಮೇಷ್ಟ್ರೇ!

ಜಯದೇವಪ್ಪ: ಹಾಂ, ಇದು ಪರವಾಗಿಲ್ಲ. ಮುಂದೆ?

ದೇವೀರಪ್ಪ: ಹಳಸಿದ ಹಿಟ್ಟೇ! ಬೇಯದ ಇಡ್ಲಿಯೇ! ನಮ್ಮತ್ತೆಯ ಗಂಡು ರೂಪವೇ!

ಜಯದೇವಪ್ಪ: ಭೇಷ್! ಮಲ್ಲಿ, ನೀನು?

ಮಲ್ಲಿಕಾರ್ಜುನ ತಲೆತಗ್ಗಿಸಿ ಕೂತಿದ್ದ. ನಿಧಾನವಾಗಿ ಎದ್ದ. ಎದೆ ತುಂಬ ಗಾಳಿ ಎಳೆದುಕೊಂಡ.

ಮಲ್ಲಿಕಾರ್ಜುನ: ಲೇ ಮೇಷ್ಟ್ರೇ ಒಡೆದ ನಗಾರಿಯೇ ನಮ್ಮ ಮಿಲ್ಲಿನ ಇಂಜಿನ್ ಆದ್ರೂ ಡೀಸೆಲ್ ಮುಗಿದ್ರೆ ನಿಲ್ಲುತ್ತೆ ನೀವು ನಿಲ್ಲಲ್ಲ ನಿಮ್ಮ ಬಾಯಿಗೆ ಸೈಲೆನ್ಸರ್ ಹಾಕೋ ಮೆಕ್ಯಾನಿಕ್ ಇನ್ನೂ ಹುಟ್ಟಿಲ್ಲ ಗೆದ್ರೆ ನಾನು ಕಲಿಸಿದ್ದು ಅಂತೀರಿ ಸೋತ್ರೆ ಎಮ್ಮೆ ಅಂತೀರಿ ನನಗೆ ಯಾರು ಹೆಣ್ಣು ಕೊಡ್ತಾರೆ ಅಂತ ಕೇಳ್ತೀರಲ್ಲ ನಿಮಗೆ ಹೆಣ್ಣು ಕೊಟ್ಟೋರು ಕಿವಿಗೆ ಹತ್ತಿ ಇಟ್ಕೊಂಡು ಕೊಟ್ರಾ ಕಣ್ಣಿಗೆ ಬಟ್ಟೆ ಕಟ್ಕೊಂಡು ಕೊಟ್ರಾ!

ವಿಮಲಮ್ಮ: ಅದನ್ನ ನಾನೂ ನಮ್ಮಪ್ಪನ್ನ ಕೇಳಿದೀನಿ ಕಣಪ್ಪಾ!

ಹೆಂಗಸರ ಸಾಲಿನಿಂದ ಬಂದ ಆ ದನಿಗೆ ಮೈದಾನವೆಲ್ಲ ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. ಅವರು ಎದ್ದು ನಿಂತು, ಕಣ್ಣರಳಿಸಿ ಮಲ್ಲಿಕಾರ್ಜುನನ ಎದೆಯನ್ನೇ ನೋಡುತ್ತಿದ್ದರು.

ಜಯದೇವಪ್ಪ: ಒಂದೇ ಉಸಿರು! ಅಷ್ಟನ್ನೂ ಒಂದೇ ಉಸಿರಲ್ಲಿ ಅಂದೆಯಲ್ಲೋ ಮಗನೇ! ಈ ಉಸಿರನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ? ಹೋಗು, ಎದುರಿನೋರೆಲ್ಲ ಜಯದೇವಪ್ಪ ಮೇಷ್ಟ್ರೇ ಅಂದ್ಕೊಂಡು ನುಗ್ಗು!

ಎರಡನೇ ಅರ್ಧದಲ್ಲಿ ಆದದ್ದನ್ನು ಕಡೂರಿನವರು ಬಹಳ ಕಾಲ ಹೇಳಿಕೊಂಡರು. ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿ ಹಗುರಾದ ಹುಡುಗರು ಹಾರಿ ಹಾರಿ ಆಡಿದರು. ಮೇಷ್ಟ್ರು ಕೂಗಲಿಲ್ಲ. ಗೆರೆಯಾಚೆ ಕೂತು ದೇವೀರಪ್ಪನಿಗೆ ಒಮ್ಮೆ "ಅತ್ತೆ ಹೊರಟ್ರು ನೋಡು, ಮೂಲೆ ಹೋಟ್ಲಿಗೆ" ಎಂದರು ಅಷ್ಟೇ. ಆ ರೈಡರನ ಕಾಲು ದೇವೀರಪ್ಪನ ಕೈಯಿಂದ ಬಿಡಿಸಲು ರೆಫರಿಯೇ ಬರಬೇಕಾಯಿತು. ಬೀರಪ್ಪನಿಗೆ ಏನೂ ಹೇಳಲಿಲ್ಲ, ಹೊಗಳಿದರೆ ಅವನು ಬೆದರುತ್ತಾನೆ. ಕೊನೆಯ ರೈಡಿನಲ್ಲಿ ಮಲ್ಲಿಕಾರ್ಜುನ ಉಸಿರು ಬಿಡದೆ ಮೂವರನ್ನು ಮುಟ್ಟಿ, ಇಬ್ಬರು ಮೈಮೇಲೆ ಬಿದ್ದರೂ ಅವರನ್ನು ಎಳೆದುಕೊಂಡೇ ನಡುಗೆರೆಗೆ ಕೈ ಚಾಚಿದ. ಅಜ್ಜಂಪುರ ಒಂದು ಪಾಯಿಂಟಿನಿಂದ ಗೆದ್ದಿತು.

ಶೀಲ್ಡು ಹೊತ್ತ ಮಲ್ಲಿಕಾರ್ಜುನನನ್ನು ಹೆಗಲ ಮೇಲಿಟ್ಟುಕೊಂಡು ಕುಣಿಯುತ್ತಿದ್ದವರ ನಡುವೆ, ಮುಚ್ಚಿದ ಛತ್ರಿಯನ್ನು ಕೋಲಿನಂತೆ ಊರಿಕೊಂಡು ಕರಿಸಿದ್ದಪ್ಪ ಬಂದರು. ಅವರ ಮುಖದಲ್ಲಿ ಗೆಲುವಿನ ಕಳೆ ಇರಲಿಲ್ಲ.

ಕರಿಸಿದ್ದಪ್ಪ: ಭಾವ, ಈ ಸಂಬಂಧ ಬೇಡ.

ಜಯದೇವಪ್ಪ: ಯಾಕೆ ಭಾವ? ಗೆದ್ದಿದಾನಲ್ಲ!

ಕರಿಸಿದ್ದಪ್ಪ: ಆಟ ಗೆದ್ದ, ಸರಿ. ಬಾಯಿ ಸತ್ತೋನು ಅಂತ ಒಪ್ಪಿದ್ದೆ. ಸ್ವಂತ ಗುರುಗಳನ್ನ ಉಸಿರು ಬಿಡದೆ ಬೈದ್ನಲ್ಲ, ಇಂಥೋನ್ನ ನಮ್ಮ ಕಾಮಾಕ್ಷಿ ಜೊತೆ ಒಂದೇ ಮನೇಲಿ ಕೂಡಿ ಹಾಕಿದ್ರೆ ಹೆಂಚು ಉಳಿಯುತ್ತಾ?

ವಿಮಲಮ್ಮ: ಬೈಯೋಕೆ ಹೇಳಿದ್ದೇ ಇವರು ಕಣಣ್ಣಾ!

ಜಯದೇವಪ್ಪ: ಹೌದು ಭಾವ, ಅಭ್ಯಾಸಕ್ಕೆ ಅಂತ ನಾನೇ ಬೈಸಿದ್ದು!

ಕರಿಸಿದ್ದಪ್ಪ: ಮೊದಲನೇ ಅಭ್ಯಾಸಕ್ಕೇ ಇಷ್ಟಾದ್ರೆ ಪಳಗಿದ ಮೇಲೆ ಗತಿ ಏನು?

ಹೆಗಲ ಮೇಲಿದ್ದ ಮಲ್ಲಿಕಾರ್ಜುನ ಮೆಲ್ಲಗೆ ಕೆಳಗಿಳಿದ. ಶೀಲ್ಡು ಬೀರಪ್ಪನ ಕೈಗೆ ಹೋಯಿತು.  ಮೇಷ್ಟ್ರು ಬೈದು ಹಾಳು ಮಾಡಿದೆನೆಂದುಕೊಂಡಿದ್ದ ಸಂಬಂಧವನ್ನು ಈಗ ಬೈಸಿ ಹಾಳು ಮಾಡಿದಂತಾಯಿತಲ್ಲ! ಅಷ್ಟರಲ್ಲಿ ಕಾಮಾಕ್ಷಿ ಮುಂದೆ ಬಂದಳು.

ಕಾಮಾಕ್ಷಿ: ಅಪ್ಪಯ್ಯ, ನನಗೆ ಒಪ್ಪಿಗೆ.

ಕರಿಸಿದ್ದಪ್ಪ: ಅವನ ಬಾಯಿ ಕೇಳಿಸ್ಕೊಂಡೆಯೇನೇ?

ಕಾಮಾಕ್ಷಿ: ಕೇಳಿಸ್ಕೊಂಡೆ. ಅದಕ್ಕೇ ಒಪ್ಪಿಗೆ. ನಮ್ಮನೇಲಿ ನಾನು ಬಾಯಿ ತೆಗೆದ್ರೆ ಸಾಕು, ನೀನು ಟವೆಲ್ ಹೆಗಲಿಗೆ ಹಾಕ್ಕೊಂಡು ತೋಟಕ್ಕೆ ಹೋಗ್ತೀಯ, ಅಣ್ಣ ಸೈಕಲ್ ತಗೊಂಡು ಪೇಟೆಗೆ ಹೋಗ್ತಾನೆ. ಒಬ್ಬಳೇ ಜಗಳ ಆಡಿ ಆಡಿ ಸಾಕಾಗೋಗಿದೆ ಅಪ್ಪಯ್ಯ, ಜೊತೆಗೊಬ್ರು ಬೇಡ್ವಾ?